ಹುಟ್ಟಿನ ಹೆಚ್ಚಳವೂ ಬಣ್ಣದ ಬೆಲೆಯೂ

ಹಿಂದಿನ ಸುಗ್ಗಿಯ ದಿವಸಗಳಲ್ಲಿ ಚಿಕ್ಕೇರೂರಿನ ನಮ್ಮ ಮನೆಗೆ ಕನ್ಯೆಯನ್ನು ನೋಡುವದಕ್ಕೆಂದು ದೂರದ ಊರಿನವರೊಬ್ಬರು ಬಂದಿದ್ದರು. ಕನ್ಯೆಯೆಂದರೆ ನಮ್ಮ ತಮ್ಮನ ಹಿರಿಯ ಮಗಳು. ಬಿ.ಎಸ್‌ಸಿ. ಪರೀಕ್ಷೆಯನ್ನು ಮೊದಲನೆಯ ವರ್ಗದಲ್ಲಿ ಮುಗಿಸಿದವಳು. ಮನೆಗೆಲಸದಲ್ಲಿಯೂ ಹಿಂದೆ ಬಿದ್ದವಳಲ್ಲ. ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಬಹು ಸೌಜನ್ಯದಿಂದ ಮಾತನಾಡಿ ಹೋದರು. ಎಂಟು ದಿವಸಗಳ ತರುವಾಯ ನಡುವಿನವರ ಮುಖಾಂತರ ಉತ್ತರವು ಬಂದಿತು: “ಹುಡುಗಿ ಎಲ್ಲಾ ರೀತಿಲೆ ಛಲೋ ಅದಾಳ್ರೀ. ಬಣ್ಣ ಒಂದೀಟು ಕಡಿಮಿ ಆತು ಅಂತಾರ.”

ವಾಚಕರ ಮನೆಗಳಲ್ಲಿಯೂ ಇಂಥ ಉತ್ತರಗಳು ಬಂದಿರಬಹುದು. ಕೆಲವರು ಇಂಥ ಉತ್ತರಗಳನ್ನು ಕಳಿಸಿಯೂ ಇರಬಹುದು. ನಮ್ಮ ತಮ್ಮನ ಹೆಂಡತಿಯು ಎರಡು ದಿವಸ ಸರಿಯಾಗಿ ಊಟ ಮಾಡಲಿಲ್ಲ. ಹುಡುಗಿ ಮಾತ್ರ ಎಂದಿನಂತೆಯೇ ಇದ್ದಳು. ಆದರೆ ಆ ವಾರದಲ್ಲಿ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ನಡೆದ ವಾದಕ್ಕೆ ಆ ಉತ್ತರವೇ ಮೂಲವಾಯಿತು. ಅಂದು ಅಲ್ಲಿ ಇದ್ದವರು ಮೂವರು: ನಿವೃತ್ತರಾದ ಮಾಸ್ತರರೊಬ್ಬರು, ಅಮೇರಿಕೆಯಲ್ಲಿ ನೌಕರಿಯಲ್ಲಿದ್ದು ರಜೆಯ ಮೇಲೆ ಬಂದಿದ್ದ ನಮ್ಮ ಅಕ್ಕನ ಮಗ, ಮತ್ತು ನಾನು. ಹುಡುಗಿಯು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದದ್ದು ನಮಗೆ ಆಮೇಲೆ ತಿಳಿಯಿತು.

ಅಳಿಯನು ಹೇಳಿದ್ದು ಹೀಗೆ: ಪರದೇಶದಲ್ಲಿ ಬಿಳಿಯ ಬಣ್ಣವೆಂಬದು ಒಂದು ಗುಪ್ತ ಆಸ್ತಿಯಾಗಿರುವದು. ಅದುಳ್ಳವನಿಗೆ ಅದು ಇರುವದೇ ಗೊತ್ತಾಗುವದಿಲ್ಲ. ಅಂಗಡಿಯಲ್ಲಿ ಅವನ ಹಿಂದೆ ಯಾರೂ ಸುಳಿಯುವದಿಲ್ಲ. ಬಾಡಿಗೆಯ ಮನೆ ಕೇಳಿದರೆ ಮನೆಯು ಖಾಲಿ ಇರುವದು. ಪೋಲೀಸನು ಗಾಡಿಯನ್ನು ತಡೆದರೆ ಎದೆ ಹಾರುವದಿಲ್ಲ. ಮಾಸ್ತರರು ಇದನ್ನು ಒಪ್ಪಲಿಲ್ಲ. “ಕಾಯಿದೆ ಎಲ್ಲರಿಗೂ ಒಂದೇ ಆದ ಮೇಲೆ ವಿಶೇಷಾಧಿಕಾರದ ಮಾತು ಎಲ್ಲಿಂದ ಬಂತಪಾ? ಬಡವ ಬಿಳಿಯರೂ ಅಲ್ಲಿ ಇದ್ದಾರಲ್ಲ? ಅವರಿಗೆ ಯಾವ ಆಸ್ತಿ ಸಿಕ್ಕೈತಿ?” ಎಂಬದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆಯು ಸಣ್ಣದಲ್ಲ. ಹುಟ್ಟಿನಿಂದ ಬರುವ ಹೆಚ್ಚಳವೆಂಬದು ನಿಜವಾಗಿ ಉಂಟೋ, ಉಂಟಾದರೆ ಅದರ ಲಾಭವು ಯಾರ ಮನೆಗೆ ಸೇರುವದೋ ಎಂಬದನ್ನು ಅಂದಿನಿಂದ ನಾನು ಹಲವು ರೀತಿಯಿಂದ ಯೋಚಿಸಿದ್ದೇನೆ. ಯೋಚಿಸಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಮಾಸ್ತರರ ಮಾತಿನಿಂದಲೇ ಮೊದಲು ಮಾಡೋಣ. ಕಾಯಿದೆಯೇ ಭೇದವನ್ನು ಬರೆದಿಟ್ಟಿದ್ದ ಕಾಲವು ಬಹಳ ದೂರದ್ದಲ್ಲ. 1883ರಲ್ಲಿ, ಲಾರ್ಡ್ ರಿಪನ್ನನು ವೈಸರಾಯನಾಗಿದ್ದಾಗ, ಕಾನೂನು ಸದಸ್ಯನಾದ ಇಲ್ಬರ್ಟನು ಒಂದು ಮಸೂದೆಯನ್ನು ತಂದನು. ಜಿಲ್ಲೆಗಳಲ್ಲಿ ಐರೋಪ್ಯ ಅಪರಾಧಿಗಳನ್ನು ಹಿಂದೀ ಮ್ಯಾಜಿಸ್ಟ್ರೇಟರೂ ಜಡ್ಜರೂ ವಿಚಾರಿಸಬಹುದೆಂಬಷ್ಟೇ ಅದರ ಸಾರ. ಅದುವರೆಗೆ ಅದೇ ಪರೀಕ್ಷೆಯಲ್ಲಿ ಗೆದ್ದು ಅದೇ ಕುರ್ಚಿಯ ಮೇಲೆ ಕುಳಿತ ಹಿಂದೀ ಮನುಷ್ಯನಿಗೆ ಆ ಅಧಿಕಾರವಿರಲಿಲ್ಲ. ಮಸೂದೆಯ ಸುದ್ದಿಯು ಹಬ್ಬಿದ ಕೂಡಲೆ ಕಲಕತ್ತೆಯ ಬಿಳಿಯ ವರ್ತಕರೂ ತೋಟಗಳ ಮಾಲಕರೂ ಎಬ್ಬಿಸಿದ ಕೋಲಾಹಲವು ಪ್ರಸಿದ್ಧವಾಗಿದೆ. ಕೊನೆಗೆ 1884ರಲ್ಲಿ ಒಂದು ರಾಜಿಯಾಯಿತು: ಬಿಳಿಯ ಅಪರಾಧಿಯು ಬೇಡಿದರೆ, ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಐರೋಪ್ಯರು ಇಲ್ಲವೆ ಅಮೇರಿಕನರು ಇರುವ ಜ್ಯೂರಿಯು ಅವನಿಗೆ ದೊರೆಯತಕ್ಕದ್ದು. ಇಂಥ ಭೇದಗಳು 1923ರ ತಿದ್ದುಪಡಿಯಿಂದ ಬಹುಮಟ್ಟಿಗೆ ಕಡಿಮೆಯಾದವು; ಉಳಿದದ್ದನ್ನು ತೆಗೆದುಹಾಕಲಿಕ್ಕೆ ಸ್ವತಂತ್ರ ಭಾರತವು 1949ರಲ್ಲಿ ಪ್ರತ್ಯೇಕವಾದ ಕಾಯಿದೆಯನ್ನೇ ಮಾಡಬೇಕಾಯಿತು. ಸ್ವಾತಂತ್ರ್ಯವು ಬಂದು ಒಂದೂವರೆ ವರ್ಷವಾದ ಮೇಲೂ ನಮ್ಮ ಕಾನೂನಿನ ಪುಸ್ತಕದಲ್ಲಿ ಬಣ್ಣದ ಹೆಚ್ಚಳವು ಅಲ್ಲಲ್ಲಿ ಅಂಟಿಕೊಂಡಿತ್ತೆಂಬದು ಇದರಿಂದ ತಿಳಿದುಬರುವದು.

ಹೀಗಾದರೂ ಮಾಸ್ತರರು ತಮ್ಮ ಪಟ್ಟನ್ನು ಬಿಡುವವರಲ್ಲ. ‘ಅದು ಹೋಯಿತಲ್ಲ, ಈಗ ಏನಿದೆ?’ ಎಂಬದು ಅವರ ನಿಲುವು. ಅದಕ್ಕೆ ಅಳಿಯನು ತಾನು ಇರುವ ದೇಶದ ಒಂದು ಮೊಕದ್ದಮೆಯ ಕಥೆಯನ್ನು ಹೇಳಿದನು. ಅದನ್ನು ನಾನು ಪುಸ್ತಕಗಳಲ್ಲಿ ನೋಡಿ ಖಚಿತಮಾಡಿಕೊಂಡೆನು. ಭಗತಸಿಂಗ ಥಿಂಡ್ ಎಂಬ ಪಂಜಾಬಿ ಗೃಹಸ್ಥನು ಮೊದಲನೆಯ ಮಹಾಯುದ್ಧದಲ್ಲಿ ಅಮೇರಿಕೆಯ ಸೈನ್ಯದಲ್ಲಿದ್ದವನು. ಆಗಿನ ಅಲ್ಲಿಯ ಕಾಯಿದೆಯಂತೆ ಪರದೇಶದಿಂದ ಬಂದವರಲ್ಲಿ ‘ಬಿಳಿಯರಿಗೆ’ ಮತ್ತು ಆಫ್ರಿಕನ್ ಮೂಲದವರಿಗೆ ಮಾತ್ರ ನಾಗರಿಕತ್ವವು ದೊರೆಯುತ್ತಿತ್ತು. 1922ರ ನವಂಬರದಲ್ಲಿ ಜಪಾನಿನ ಓಜಾವಾ ಎಂಬವನ ಅರ್ಜಿಯನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಚರ್ಮವು ಬೆಳ್ಳಗಿದ್ದರೇನು, ಕಕೇಶಿಯನ್ ಜನಾಂಗದವನಲ್ಲವಲ್ಲ ಎಂಬದು ಕಾರಣ. ಥಿಂಡನು ಇದನ್ನು ಹಿಡಿದುಕೊಂಡು, ತಾನು ಆರ್ಯನು, ಶಾಸ್ತ್ರಜ್ಞರ ಪ್ರಕಾರ ಕಕೇಶಿಯನ್ನನು, ತನ್ನ ಜಾತಿಯವರು ಬೇರೆಯವರೊಡನೆ ಬೆರೆಯದೆ ರಕ್ತವನ್ನು ಶುದ್ಧವಾಗಿಟ್ಟುಕೊಂಡವರು ಎಂದು ವಾದಿಸಿದನು. ಮೂರೇ ತಿಂಗಳಲ್ಲಿ, 1923ರ ಫೆಬ್ರುವರಿಯಲ್ಲಿ, ಅದೇ ನ್ಯಾಯಾಲಯವು ಕಕೇಶಿಯನ್ನನಾದರೇನು, ಸಾಮಾನ್ಯ ಜನರು ‘ಬಿಳಿಯ’ನೆಂದು ತಿಳಿಯುವವನು ಇವನಲ್ಲವಲ್ಲ ಎಂದು ಅವನನ್ನೂ ತಳ್ಳಿಹಾಕಿತು! ಹಿಂದುಸ್ತಾನದವರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

ಈ ಮೊಕದ್ದಮೆಯಲ್ಲಿ ನನ್ನ ಮನಸ್ಸಿಗೆ ನಾಟಿದ ಸಂಗತಿಯು ತೀರ್ಪಿಗಿಂತ ಹೆಚ್ಚಾಗಿ ವಾದವೇ ಆಗಿದೆ. ನಮ್ಮವನು ಅಲ್ಲಿ ಬಿಳಿಯರ ಹೆಚ್ಚಳವು ಅನ್ಯಾಯವೆಂದು ಹೇಳಲಿಲ್ಲ. ಆ ಹೆಚ್ಚಳದಲ್ಲಿ ತನಗೂ ಪಾಲಿದೆಯೆಂದು ಹೇಳಿದನು. ಪಾಲಿನ ಪತ್ರವೆಂದು ತೋರಿಸಿದ್ದು ಇಲ್ಲಿಯ ಜಾತಿಯನ್ನು. ಮೇಲಿನ ಪಂಕ್ತಿಯಲ್ಲಿ ಎಲೆ ಸಿಕ್ಕೀತೇ ಎಂದು ನೋಡುವವನು ಪಂಕ್ತಿಭೇದವನ್ನು ಬೈಯುವದಿಲ್ಲ. ಅಳಿಯನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಾದನು.

ನಮ್ಮ ಭಾಷೆಯ ವಿಷಯವಾಗಿಯೂ ಇಲ್ಲಿ ಒಂದು ಮಾತು. ‘ವರ್ಣ’ವೆಂದರೆ ನಮಗೆ ಬಣ್ಣವೂ ಹೌದು, ಅಕ್ಷರವೂ ಹೌದು, ನಾಲ್ಕು ವರ್ಣಗಳೆಂಬ ಜಾತಿಯ ವಿಭಾಗವೂ ಹೌದು. ಈ ಒಂದು ಶಬ್ದದ ಎಡೆಬಿಡದ ಗೊಂದಲದಿಂದ, ಜಾತಿಯೆಂದರೆ ಜನಾಂಗವೇ ಎಂದು ಪಂಡಿತರೂ ಎಡವಿದ್ದಾರೆ. 1901ರ ಜನಗಣತಿಯ ಮುಖ್ಯಸ್ಥನಾದ ರಿಸ್ಲೀ ಎಂಬ ಸಾಹೇಬನು ಜನರ ಮೂಗುಗಳನ್ನು ಅಳೆಯಿಸಿ, ಮೂಗಿನ ಅಗಲವು ಹೆಚ್ಚಿದಂತೆ ಜಾತಿಯ ಅಂತಸ್ತು ಇಳಿಯುವದೆಂದು ಸಿದ್ಧಾಂತ ಮಾಡಿದನು. ಡಾಕ್ಟರ್ ಅಂಬೇಡಕರರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಕುರಿತಾದ ಗ್ರಂಥದಲ್ಲಿ ಇಂಥ ಅಳತೆಗಳನ್ನೇ ತಿರುಗಿ ನೋಡಿ, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬದಕ್ಕೆ ಅವುಗಳಲ್ಲಿ ಆಧಾರವಿಲ್ಲವೆಂದು ತೋರಿಸಿದರು. ಜಾತಿಯು ಜನಾಂಗವಲ್ಲ. ಆದರೆ ಎರಡೂ ಮಾಡುವ ಕೆಲಸವು ಒಂದೇ ಅಲ್ಲವೇ ಎಂಬ ಪ್ರಶ್ನೆಯು ಅಷ್ಟಕ್ಕೆ ಮುಗಿಯುವದಿಲ್ಲ. 2001ರಲ್ಲಿ ದಕ್ಷಿಣ ಆಫ್ರಿಕೆಯ ದರ್ಬಾನದಲ್ಲಿ ವರ್ಣಭೇದದ ವಿರುದ್ಧವಾಗಿ ಜಾಗತಿಕ ಪರಿಷತ್ತು ಕೂಡಿದಾಗ, ಜಾತಿಯ ಪ್ರಶ್ನೆಯನ್ನು ಅಲ್ಲಿ ಎತ್ತಬೇಕೆಂದು ನಮ್ಮ ದಲಿತ ಬಂಧುಗಳು ಹೋದರು. ಅದು ನಮ್ಮ ಒಳಗಿನ ವಿಷಯ, ಜಾತಿಯು ಜನಾಂಗವಲ್ಲ ಎಂದು ನಮ್ಮ ಸರಕಾರವು ಅಡ್ಡಿ ಮಾಡಿತು. ವಿಚಿತ್ರವೇನೆಂದರೆ, 1965ರ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಜನಾಂಗ, ಬಣ್ಣ ಮುಂತಾದವುಗಳ ಸಾಲಿನಲ್ಲಿ ‘ವಂಶ’ವೆಂಬ ಶಬ್ದವನ್ನು ಸೇರಿಸಲು ಸೂಚಿಸಿದ್ದು ಭಾರತವೇ! 2023ರಲ್ಲಿ ಅಮೇರಿಕೆಯ ಸಿಯಾಟಲ್ ನಗರವು ಜಾತಿಯ ಭೇದವನ್ನು ನಿಷೇಧಿಸಿತು. ನಮ್ಮ ಜನ ಹೋದಲ್ಲಿ ಜಾತಿಯೂ ಹೋಗಿರಬೇಕು. ಇಲ್ಲದಿದ್ದರೆ ಅಲ್ಲಿಯವರಿಗೆ ಅದನ್ನು ನಿಷೇಧಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಇದೆಲ್ಲ ದೂರದ ಮಾತಾಯಿತು. ಬಣ್ಣದ, ಜನಾಂಗದ ನಿಜವಾದ ಪ್ರಶ್ನೆಯು ನಮ್ಮ ಹೊಲದ ಬದುವಿನಾಚೆಗೇ ಇದೆಯೆಂಬದನ್ನು ನಮ್ಮಲ್ಲಿ ಬಹಳ ಮಂದಿ ಗಮನಿಸಿಲ್ಲ. ಹಾನಗಲ್ಲನ್ನು ದಾಟಿ ಪಶ್ಚಿಮಕ್ಕೆ ಹೋದರೆ ಮುಂಡಗೋಡ. ಅದರಾಚೆ ಯಲ್ಲಾಪುರ, ಹಳಿಯಾಳ. ಆ ಅಡವಿಗಳಲ್ಲಿ ಸಿದ್ದಿ ಜನರು ತಲೆತಲಾಂತರದಿಂದ ಬಾಳುತ್ತಿದ್ದಾರೆ. ಇವರ ಪೂರ್ವಜರಲ್ಲಿ ಬಹಳ ಜನರನ್ನು ಪೋರ್ತುಗೀಜರು ಪೂರ್ವ ಆಫ್ರಿಕೆಯಿಂದ ಗುಲಾಮರನ್ನಾಗಿ ಗೋವೆಗೆ ತಂದರು. 1510ರಲ್ಲಿ ಗೋವೆಯನ್ನು ಹಿಡಿದಂದಿನಿಂದ ಪೋರ್ತುಗೀಜರ ಈ ವ್ಯಾಪಾರವು ನಡೆಯಿತು. ಯಜಮಾನರ ಕಾಟವನ್ನು ತಾಳದೆ ಓಡಿದವರು, ಬಿಡುಗಡೆಯಾದವರು ಘಟ್ಟವನ್ನು ಹತ್ತಿ ಕಾಡನ್ನು ಸೇರಿಕೊಂಡರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರಿಸ್ತರೂ ಇರುವರು. ಮನೆಯ ಮಾತು ಕೊಂಕಣಿ, ಕನ್ನಡ, ಉರ್ದು, ಮರಾಠಿ. ಅವರ ಹೆಂಗಸರು ಹಳೆಯ ಬಟ್ಟೆಗಳನ್ನು ಕೂಡಿಸಿ ಹೊಲಿಯುವ ಕೌದಿಗಳು ಈಗ ಪರದೇಶದ ಪ್ರದರ್ಶನಗಳಿಗೂ ಹೋಗುತ್ತಿವೆ.

ಕೆಲವು ವರ್ಷಗಳ ಹಿಂದೆ ಶಿರಸಿಯ ಕಡೆಗೆ ಹೋಗುವ ಒಂದು ಬಸ್ಸಿನಲ್ಲಿ ನನ್ನ ಮುಂದಿನ ಆಸನದಲ್ಲಿ ಒಬ್ಬ ಸಿದ್ದಿ ತರುಣನು ಕುಳಿತಿದ್ದನು. ಪಕ್ಕದವರು ಅವನ ಗುಂಗುರುಗೂದಲನ್ನೂ ಬಣ್ಣವನ್ನೂ ನೋಡಿ, ಮುರುಕು ಹಿಂದಿಯಲ್ಲಿ, ಯಾವ ದೇಶದವನೆಂದು ಕೇಳಿದರು. ಅವನು, “ಇಲ್ಲೇ ಮುಂಡಗೋಡ ಕಡೆಯವ್ರೀ ನಾನು. ನೀವು ಯಾವೂರವ್ರೀ?” ಎಂದನು. ಕೇಳಿದವರು ನಕ್ಕರು, ಅವನೂ ನಕ್ಕನು. ಹಿಂದೆ ಕುಳಿತಿದ್ದ ನಾನೂ ನಕ್ಕೆನು. ಆಮೇಲೆ ಲೆಕ್ಕ ಹಾಕಿ ನೋಡಿದೆ: ನನ್ನ ಆಯುಷ್ಯದಲ್ಲಿ ನನ್ನನ್ನು ಯಾರೂ ಯಾವ ದೇಶದವನೆಂದು ನಮ್ಮ ಸೀಮೆಯಲ್ಲಿ ಕೇಳಿದ್ದಿಲ್ಲ. ಅವನಿಗೆ ಇದು ವಾರಕ್ಕೊಮ್ಮೆಯ ಪ್ರಶ್ನೆಯಾಗಿರಬಹುದು. ಅವನ ಹಿರಿಯರು ಈ ನಾಡಿಗೆ ಬಂದು ಎಷ್ಟೋ ತಲೆಗಳಾದವು. ಅಳಿಯನು ಹೇಳಿದ ‘ಇದ್ದವನಿಗೆ ಗೊತ್ತಾಗದ ಆಸ್ತಿ’ ಎಂದರೆ ಇದೇ ಇರಬಹುದೆಂದು ನನಗೆ ಆಗ ತೋರಿತು.

ಸಿದ್ದಿಗಳನ್ನು ಸರಕಾರವು ನೋಡಿದ ರೀತಿಯೂ ಯೋಚಿಸತಕ್ಕದ್ದು. 1980ರ ದಶಕದಲ್ಲಿ, ಮಾರ್ಗರೆಟ್ ಆಳ್ವರು ಕೇಂದ್ರದ ಮಂತ್ರಿಗಳಾಗಿದ್ದಾಗ, ಈ ಮಕ್ಕಳ ಮೈಕಟ್ಟನ್ನು ನೋಡಿ ಇವರು ಓಟಗಾರರಾದಾರೆಂದು ಕ್ರೀಡಾ ಪ್ರಾಧಿಕಾರದವರು ಹಲವರನ್ನು ಆರಿಸಿ ತರಬೇತಿಗೆ ಒಯ್ದರು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗೆದ್ದರು. 1993ರ ಸುಮಾರಿಗೆ ಆ ಯೋಜನೆಯು ನಿಂತುಹೋಯಿತು; ಕೆಲವರಿಗೆ ನೌಕರಿ ದೊರೆಯಿತು, ಹಲವರು ಮರಳಿ ಕಾಡಿನ ಕೂಲಿಗೆ ಬಂದರು. ಅನುಸೂಚಿತ ಬುಡಕಟ್ಟುಗಳ ಪಟ್ಟಿಯಲ್ಲಿ ಉತ್ತರ ಕನ್ನಡದ ಸಿದ್ದಿಗಳ ಹೆಸರು ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ದೊರೆತದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿಯವರು ರಾಜ್ಯದ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಈ ಸಮಾಜದಿಂದ ಆ ಸಭೆಯನ್ನು ಸೇರಿದವರಲ್ಲಿ ಅವರೇ ಮೊದಲಿಗರು. ಓಡುವ ಕಾಲು ಬೇಕಾದಾಗ ಅವರ ಜನಾಂಗವು ಕೂಡಲೆ ಕಣ್ಣಿಗೆ ಬಿದ್ದಿತು. ಸವಲತ್ತಿನ ಪಟ್ಟಿಯನ್ನು ಬರೆಯುವಾಗ ಅದು ಕಾಣಲಿಕ್ಕೆ ಸ್ವಾತಂತ್ರ್ಯವು ಬಂದು ಐವತ್ತಾರು ವರ್ಷಗಳು ಬೇಕಾದವು.

ಆದರೆ ಬಣ್ಣವೇ ಎಲ್ಲವನ್ನೂ ನಿರ್ಣಯಿಸುವದೆಂದು ಹೇಳಹೊರಟರೆ ಇತಿಹಾಸವು ಅಡ್ಡ ಬರುವದು. ಇದೇ ಆಫ್ರಿಕೆಯಿಂದ ಬಂದವರು ದಖ್ಖಣದಲ್ಲಿ ರಾಜ್ಯಗಳನ್ನು ಆಳಿದ್ದಾರೆ. ‘ಸಿದ್ದಿ’ಯೆಂಬ ಹೆಸರೇ ಅರಬ್ಬೀ ಭಾಷೆಯ ‘ಒಡೆಯ’ನೆಂಬ ಅರ್ಥದ ಶಬ್ದದಿಂದ ಬಂದಿದೆಯೆಂದು ಬಲ್ಲವರು ಹೇಳುವರು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು ಬಂದ ಮಲಿಕ್ ಅಂಬರನು 1600ರಿಂದ 1626ರಲ್ಲಿ ತೀರಿಕೊಳ್ಳುವವರೆಗೆ ಅಹಮ್ಮದನಗರದ ರಾಜ್ಯವನ್ನು ನಡೆಸಿದನು; ಮೊಗಲರ ದಂಡನ್ನು ವರುಷಾನುಗಟ್ಟಲೆ ತಡೆದು ನಿಲ್ಲಿಸಿದನು. ಗೋಲಗುಮ್ಮಟವನ್ನು ಕಟ್ಟಿಸಿದ ಮಹಮ್ಮದ ಆದಿಲಶಾಹನ ಕಾಲಕ್ಕೆ ವಿಜಾಪುರದ ದರಬಾರಿನಲ್ಲಿ ಹಬಶಿಯಾದ ಇಖ್ಲಾಸಖಾನನು ಮಂತ್ರಿಯಾಗಿದ್ದನು. ಅವನ ಚಿತ್ರಗಳು ಈಗಲೂ ಇವೆ. ಜಂಜಿರೆಯ ಸಿದ್ದಿ ನವಾಬರ ಸಂಸ್ಥಾನವಂತೂ ಭಾರತವು ಸ್ವತಂತ್ರವಾಗುವವರೆಗೂ ಉಳಿದಿತ್ತು. ಅದೇ ಕಪ್ಪು ಬಣ್ಣವು ವಿಜಾಪುರದಲ್ಲಿ ಜರತಾರಿ ಅಂಗಿಯನ್ನು ತೊಟ್ಟಿತು. ಯಲ್ಲಾಪುರದಲ್ಲಿ ಇನ್ನೊಬ್ಬರ ಅಡಿಕೆಯ ತೋಟದಲ್ಲಿ ಕೂಲಿಯ ಗುದ್ದಲಿಯನ್ನು ಹಿಡಿಯಿತು. ಕತ್ತಿ, ಕುದುರೆ, ಜಹಗೀರುಗಳು ಕೈಗೆ ಬಂದವನಿಗೆ ಬಣ್ಣವು ತಡೆಯಾಗಲಿಲ್ಲ. ನೆಲವಿಲ್ಲದವನಿಗೆ ಅದು ತಡೆಯಾಯಿತು. ಹೀಗೆಂದು ಅಧಿಕಾರವು ಬಂದ ಕೂಡಲೆ ಬಣ್ಣದ ಮಾತು ನಿಂತಿತೆಂದಲ್ಲ. ಬಾದಶಹ ಜಹಾಂಗೀರನು ಅಂಬರನನ್ನು ಗೆಲ್ಲಲಾರದೆ, ತನ್ನ ದಿನಚರಿಯಲ್ಲಿ ಅವನನ್ನು ಕರಿಮುಖದವನೆಂದು ಬೈದುಕೊಂಡನು. ಅವನ ರುಂಡಕ್ಕೆ ತಾನು ಬಾಣ ಹೊಡೆಯುವಂತೆ ಚಿತ್ರವನ್ನು ಬರೆಯಿಸಿಕೊಂಡನು. ಸೋತವನಿಗೂ ಕೈಯಲ್ಲಿ ಉಳಿಯುವ ಆಯುಧ ಅದು!

ಬಣ್ಣದ ದಾಯವಾದಿತನವು ನಮ್ಮ ನಾಡಿನಲ್ಲಿ ಇಂಗ್ಲಿಷರಿಂದಲೇ ಬಂದದ್ದೆಂದು ನಂಬಿರುವವರು ಬೀದರದ ಬಹಮನಿಯರ ಕಥೆಯನ್ನು ಓದಬೇಕು. ಅಲ್ಲಿ ಇರಾಣ ಮುಂತಾದ ದೇಶಗಳಿಂದ ಬಂದ ‘ಆಫಾಕಿ’ಗಳಿಗೂ, ಇಲ್ಲಿಯವರೇ ಆದ ದಖ್ಖಣಿಗಳಿಗೂ ಒಂದೇ ಸಮನೆ ಕಾದಾಟವಿತ್ತು, ಹಬಶಿಗಳು ಬಹುಮಟ್ಟಿಗೆ ದಖ್ಖಣಿಗಳ ಪಕ್ಷದವರು. ಎರಡನೆಯ ಅಲಾವುದ್ದೀನ ಅಹಮದಶಾಹನು ದರಬಾರಿನಲ್ಲಿ ಪರದೇಶಿಗಳಿಗೆ ಬಲಗಡೆಯಲ್ಲಿಯೂ, ದಖ್ಖಣಿ ಹಬಶಿಗಳಿಗೆ ಎಡಗಡೆಯಲ್ಲಿಯೂ ಸ್ಥಾನವನ್ನು ಕೊಟ್ಟನೆಂದು ಫಿರಿಸ್ತನು ಬರೆದಿದ್ದಾನೆ. ಒಂದು ಮಗ್ಗುಲಿನ ಭೇದ! ಅದರ ವೈಷಮ್ಯವು ಬೆಳೆಯುತ್ತ ಹೋಗಿ, ಬೀದರದ ಪ್ರಸಿದ್ಧ ಮದ್ರಸಾವನ್ನು ಕಟ್ಟಿಸಿದ ಮಹಮೂದ ಗಾವಾನನಂಥ ಮಂತ್ರಿಯನ್ನು, ಒಂದು ಸುಳ್ಳು ಪತ್ರದ ಆಧಾರದಿಂದ, 1481ರಲ್ಲಿ ಕೊಲ್ಲಿಸಿತು. ಆ ಮೇಲೆ ರಾಜ್ಯವು ಒಡೆದು ಐದು ಹೋಳಾಯಿತು. ಎಡಗಡೆಯವರಿಗಾಗಲಿ ಬಲಗಡೆಯವರಿಗಾಗಲಿ ಬೀದರವು ಹಾಗೆಯೇ ಉಳಿಯಲಿಲ್ಲ.

ಲಾಭವು ಯಾರದೆಂಬ ಲೆಕ್ಕವನ್ನು ನಮ್ಮ ನಾಡಿನಲ್ಲಿ ಕಾಗದದ ಮೇಲೆ ಬರೆದು ನೋಡಿದ ಪ್ರಸಂಗಗಳೂ ಇವೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಆ ಸಂಸ್ಥಾನದಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ಕಕ್ಕಿಂತಲೂ ಕಡಿಮೆ. ಮೇಲ್ತರದ ಹುದ್ದೆಗಳಲ್ಲಾದರೋ ಅರ್ಧಕ್ಕಿಂತ ಹೆಚ್ಚು ಅವರವೇ. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲೂ ಹಿಂದುಳಿದವರಿಗೆ ದೊರೆಯಬೇಕೆಂದು 1919ರಲ್ಲಿ ಸಮಿತಿಯು ಸೂಚಿಸಿತು. ಹೀಗಾದರೆ ಆಡಳಿತದ ದಕ್ಷತೆಯು ಕೆಡುವದೆಂಬದು ದಿವಾನ ವಿಶ್ವೇಶ್ವರಯ್ಯನವರ ಅಭಿಪ್ರಾಯವಾಗಿತ್ತು. ಅವರು ಪದವಿಯನ್ನು ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ. ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯಲ್ಲಿ ಸಂಶಯಪಡುವವನು ಮೂಢನು. ಅಂಥ ನಿಷ್ಪಕ್ಷಪಾತಿಗಳಿಗೂ, ದಕ್ಷತೆಯೆಂಬದು ಅಕ್ಷರವನ್ನು ಮೊದಲು ಕಲಿತ ಮನೆಗಳಲ್ಲಿ ಮಾತ್ರ ಕಾಣುವದು ಏಕೆಂಬ ಪ್ರಶ್ನೆಯು ದೊಡ್ಡದಾಗಿ ತೋರಲಿಲ್ಲ.

ಮುಂದಿನ ಭಾಗವನ್ನು ಹೇಳದಿದ್ದರೆ ಅರ್ಧ ಸತ್ಯವಾದೀತು. 1919ರಲ್ಲಿ ಬ್ರಾಹ್ಮಣೇತರರೆಲ್ಲರೂ ಬಹುಮಟ್ಟಿಗೆ ಹಿಂದುಳಿದವರೆಂದೇ ಗಣಿಸಲ್ಪಟ್ಟರು. ನೆಲವುಳ್ಳ ದೊಡ್ಡ ಸಮಾಜಗಳು ಶಾಲೆಗಳನ್ನು ಕಟ್ಟಿದವು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆಯು ಹುಟ್ಟಿದ್ದು ಏಳು ಮಂದಿ ಶಿಕ್ಷಕರ ತ್ಯಾಗದಿಂದ. ಐವತ್ತು ವರ್ಷಗಳಲ್ಲಿ ಈ ಸಮಾಜಗಳು ಮುಂದೆ ಬಂದವು. ಆಗ ನಮ್ಮ ರಾಣೇಬೆನ್ನೂರಿನವರೇ ಆದ ಎಲ್.ಜಿ. ಹಾವನೂರರು, ದೇವರಾಜ ಅರಸರು 1972ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷರಾಗಿ, 1975ರಲ್ಲಿ ಒಪ್ಪಿಸಿದ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಲ್ಲಿ ಸೇರಿಸಲಿಲ್ಲ. ದೊಡ್ಡ ಗದ್ದಲವಾಯಿತು, ವಿಧಾನಸಭೆಯಲ್ಲಿ ವರದಿಯ ಪ್ರತಿಗೆ ಬೆಂಕಿಯೂ ಬಿದ್ದಿತು. ನಿನ್ನೆ ‘ನಮಗೆ ಪಾಲಿಲ್ಲ’ವೆಂದು ಅತ್ತವರು, ಇಂದು ‘ನಿಮಗೆ ಪಾಲು ಹೆಚ್ಚಾಗಿದೆ’ಯೆಂದರೆ, ಹಿಂದೆ ತಮಗೆ ಕೊಟ್ಟ ಉತ್ತರವನ್ನೇ ಮುಂದೆ ಬಂದವರಿಗೆ ಕೊಡುವರು. ನಾನು ಹುಟ್ಟಿದ ಮನೆಯೂ ನೆಲವುಳ್ಳ ಇಂಥ ಸಮಾಜದ್ದೇ. ಆದುದರಿಂದ ಇದನ್ನು ಪರರ ನಿಂದೆಯೆಂದು ಯಾರೂ ತಿಳಿಯಬಾರದು.

ನಮ್ಮ ಸೀಮೆಯವರಿಗೆ ಈ ವಾದವು ಹೊಸದಲ್ಲವೆಂಬದನ್ನು ಮಾಸ್ತರರಿಗೆ ನೆನಪು ಮಾಡಿಕೊಟ್ಟವಳು ಹುಡುಗಿಯೇ. ಬಾಗಿಲ ಮರೆಯಿಂದ ಹೊರಗೆ ಬಂದು, “ಮಾಸ್ತರರ, ನೀವ ನಮಗ ರಾಮಧಾನ್ಯದ ಪಾಠ ಹೇಳಿದ್ರಿ” ಎಂದಳು. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತವೂ ನರೆದಲೆಗವೂ, ಎಂದರೆ ರಾಗಿಯೂ, ತಮ್ಮಲ್ಲಿ ಯಾರು ಹೆಚ್ಚಿನವರೆಂದು ಶ್ರೀರಾಮನ ಸಭೆಯಲ್ಲಿ ಜಗಳಾಡುವವು. ಬತ್ತವು ತನ್ನ ಕುಲವನ್ನೂ, ದೇವರ ನೈವೇದ್ಯಕ್ಕೂ ಮದುವೆ ಮುಂಜಿಗಳಿಗೂ ತಾನೇ ಬೇಕೆಂಬದನ್ನೂ ಹೇಳಿ, ರಾಗಿಯನ್ನು ಹೀನರ ಕೂಳೆಂದು ಹೀಯಾಳಿಸುವದು. ಮಳೆ ಹೋದ ವರ್ಷ ನೀನು ಎಲ್ಲಿರುವಿ, ಬಡವನ ಮನೆಯನ್ನು ಯಾವಾಗ ಕಂಡಿರುವಿ ಎಂದು ರಾಗಿಯು ತಿರುಗಿ ಕೇಳುವದು. ರಾಮನು ಕೂಡಲೆ ತೀರ್ಪು ಕೊಡುವದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುವನು. ಹೊರಗೆ ತೆಗೆದಾಗ ಬತ್ತವು ಸತ್ವಗುಂದಿತ್ತು. ರಾಗಿಯು ಇದ್ದ ಹಾಗೆಯೇ ಇತ್ತು. ರಾಮನು ಅದಕ್ಕೆ ತನ್ನ ಹೆಸರನ್ನೇ ಕೊಟ್ಟನು.

ಹದಿನಾರನೆಯ ಶತಮಾನದ ಈ ಕಾವ್ಯದಲ್ಲಿ ನನಗೆ ಸೋಜಿಗವೆನಿಸುವದು ಆ ಸೆರೆಮನೆಯೇ. ಇಬ್ಬರಿಗೂ ಒಂದೇ ಕೋಣೆ, ಒಂದೇ ಅವಧಿ. ಅಷ್ಟಾಗುವ ಮೊದಲು ಯಾರ ಯೋಗ್ಯತೆ ಎಷ್ಟೆಂದು ಹೇಳಲಿಕ್ಕೆ ಬರುವದಿಲ್ಲವೆಂದು ರಾಮನೂ ತಿಳಿದಂತಿದೆ. (ನಮ್ಮ ಹಿರೇಕೆರೂರಿನ ಕಡೆಗೆ ಜೋಳದ ರೊಟ್ಟಿಯೇ ಊಟದ ಮುಖ್ಯ, ಈ ಜಗಳದಲ್ಲಿ ಜೋಳಕ್ಕೆ ರಾಮನ ಹೆಸರು ದೊರೆಯಲಿಲ್ಲವೆಂದು ನಮ್ಮ ತಾಯಿಯವರು ಸದಾ ಗೊಣಗುವರು.)

ಮಾಸ್ತರರು ನಕ್ಕು, “ಪಾಠ ಹೇಳಿದ್ದು ನಿಜ, ಆದರ ಅದು ಬತ್ತ ರಾಗಿ ಮಾತು” ಎಂದರು. ಹುಡುಗಿ ಅಂದಳು: “ನನ್ನ ನೋಡಾಕ ಬಂದವರ ಮಗಾ ನನಗಿಂತ ಕಪ್ಪ ಅದಾನ್ರೀ. ಅವನ ಬಣ್ಣ ಯಾರೂ ಕೇಳಲಿಲ್ಲ.”

ಇದಕ್ಕೆ ಅಲ್ಲಿದ್ದ ಗಂಡಸರಲ್ಲಿ ಯಾರಲ್ಲಿಯೂ ಉತ್ತರವಿರಲಿಲ್ಲ. ವರ್ತಮಾನಪತ್ರಗಳ ವಧೂವರರ ಅಂಕಣದಲ್ಲಿ ಬೆಳ್ಳಗಿನ ಕನ್ಯೆ ಬೇಕೆಂಬ ಸಾಲುಗಳನ್ನು ನಾವೆಲ್ಲ ಓದಿದವರೇ. 1975ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ಮಾರಾಟವಾಯಿತು. 2020ರಲ್ಲಿ, ಅಮೇರಿಕೆಯಲ್ಲಿ ಕರಿಯ ಮನುಷ್ಯನೊಬ್ಬನು ಪೋಲೀಸರ ಮೊಣಕಾಲಿನ ಕೆಳಗೆ ಸತ್ತು ಜಗತ್ತೆಲ್ಲ ಕೂಗೆದ್ದ ಮೇಲೆ, ಅದರ ಹೆಸರು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಾಯಿತು. ಡಬ್ಬಿಯ ಮೇಲಿನ ಹೆಸರು ಹೋಯಿತು; ನಡುವಿನವರ ಬಾಯಲ್ಲಿಯ ಮಾತು ಹಾಗೆಯೇ ಇದೆ. ಬಣ್ಣದ ಲಾಭವು ಯಾರಿಗೆಂದು ಕೇಳಿದರೆ, ಇಲ್ಲಿ ಬೆಳ್ಳಗಿನ ಹುಡುಗಿಗೂ ಅದು ಪೂರ್ತಿಯಾಗಿ ದೊರೆಯುವದಿಲ್ಲ. ಅವಳನ್ನೂ ನಿಲ್ಲಿಸಿ ನೋಡುವರು. ನೋಡುವವನ ಕಡೆಗೇ ತಕ್ಕಡಿಯ ಹಿಡಿಕೆ ಇರುವದು.

ಮಾಸ್ತರರು ಹೋದ ಮೇಲಿನ ಸಂಗತಿಯನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿವಸ ಯೋಚಿಸಿದೆನು. ನಮ್ಮ ಹೊಲದ ಕೆಲಸಕ್ಕೆ ಇಪ್ಪತ್ತು ವರ್ಷಗಳಿಂದ ಬರುವ ಹೆಣ್ಣುಮಗಳೊಬ್ಬಳಿದ್ದಾಳೆ. ಊರ ಹೊರಗಿನ ಕೇರಿಯವಳು. ಮರುದಿನ ಮುಂಜಾನೆ ಅವಳು ಹಿತ್ತಲ ಬಾಗಿಲಲ್ಲಿ ಕುಳಿತಿದ್ದಾಗ ನಮ್ಮ ತಮ್ಮನ ಹೆಂಡತಿಯು ಕಣ್ಣೊರಸಿಕೊಳ್ಳುತ್ತ, “ಬಣ್ಣ ನೋಡಿ ಬಿಟ್ಟರವ್ವಾ. ಇದು ನ್ಯಾಯ ಏನು?” ಎಂದಳು. ಅವಳು, “ಅಲ್ಲ ಬಿಡ್ರೀ ಅವ್ವಾರ” ಎಂದು ಸಮಾಧಾನ ಹೇಳಿ, ಎದ್ದು, ಹಿತ್ತಲ ಗೋಡೆಯ ಗೂಡಿನಲ್ಲಿದ್ದ ಲೋಟವನ್ನು ತೊಳೆದು ಮುಂದೆ ಇಟ್ಟುಕೊಂಡಳು. ಮೇಲಿನಿಂದ ಚಹಾ ಹಾಕಲಾಯಿತು.

ಆ ಲೋಟವು ಆ ಗೂಡಿನಲ್ಲಿ ನಾನು ಹುಡುಗನಾಗಿದ್ದಾಗಿನಿಂದಲೂ ಇತ್ತು. ಲೋಟ ಬದಲಾಗಿರಬಹುದು, ಗೂಡು ಅದೇ. ನಾನು ಅದನ್ನು ದಿನಾಲು ನೋಡಿದ್ದೇನೆ, ಅಂದು ಕಂಡೆನು. 1950ರ ಸಂವಿಧಾನದ 17ನೆಯ ಕಲಮೂ 1955ರ ಕಾಯಿದೆಯೂ ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದವು. ನಾವು ಪತ್ರಿಕೆಗಳನ್ನು ಓದುವ ಮನೆಯವರು. ‘ಕಾಯಿದೆ ಎಲ್ಲರಿಗೂ ಒಂದೇ’ ಎಂದು ಪಡಸಾಲೆಯಲ್ಲಿ ವಾದ ನಡೆದ ರಾತ್ರಿಯೂ ಆ ಲೋಟವು ಹತ್ತು ಮೊಳದಾಚೆಗೆ ಗೂಡಿನಲ್ಲಿತ್ತು. ಇಡಿಯ ನನ್ನ ಆಯುಷ್ಯದಲ್ಲಿ ಆ ಹೆಣ್ಣುಮಗಳಾಗಲಿ ಅವಳ ತಾಯಿಯಾಗಲಿ ಅದರ ಬಗ್ಗೆ ಒಂದು ಮಾತನ್ನೂ ಆಡ‍ಲಿಲ್ಲ. ಆಡಿದರೆ ಮರುದಿನದ ಕೂಲಿಯ ಗತಿಯೇನೆಂಬ ಚಿಂತೆಯು ನನಗೆ ಎಂದೂ ಬಂದಿದ್ದಿಲ್ಲ, ಅವರಿಗೆ ಬಂದಿದ್ದೀತು. ನಮ್ಮ ಅಜ್ಜನವರಿಗೆ ಅಕ್ಷರ ಬರುತ್ತಿತ್ತು, ಊರ ನಡುವೆ ಮನೆಯಿತ್ತು, ಬಾವಿಗೆ ಹಗ್ಗ ಬಿಡಲಿಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಳಿಯನು ಅಮೇರಿಕೆಗೆ ಹೋಗುವ ದಾರಿಯು ಅಲ್ಲಿಂದಲೇ ಹೊರಟಿದೆ. ಅವನು ದುಡಿಯಲಿಲ್ಲವೆಂದು ನಾನು ಹೇಳುವದಿಲ್ಲ, ಹಗಲಿರುಳು ಓದಿದವನು. ಓದುವ ಹೊತ್ತಿನಲ್ಲಿ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮಕ್ಕಳೂ ಅವನ ವಯಸ್ಸಿನವರೇ ಆಗಿದ್ದರು.

ಆ ಸಂಜೆ ಹುಡುಗಿಯು ಗೂಡಿನಲ್ಲಿದ್ದ ಲೋಟವನ್ನು ತಂದು ಒಳಗಿನ ಪಾತ್ರೆಗಳೊಡನೆ ತೊಳೆದು ಸಾಲಿನಲ್ಲಿ ಇಟ್ಟಳು. ನಮ್ಮ ತಾಯಿಯವರಿಗೆ ಎಂಬತ್ತೆಂಟು ವರ್ಷ. ಅವರು ಎರಡು ಹೊತ್ತು ಚಹಾ ಮುಟ್ಟಲಿಲ್ಲ. “ದೊಡ್ಡಪ್ಪಾ, ನೀವ ಹೇಳ್ರಿ” ಎಂದು ಹುಡುಗಿ ನನ್ನ ಕಡೆಗೆ ನೋಡಿದಳು. ನಾನು ತಾಯಿಯವರ ಮುಂದೆ ಹೋಗಿ ಕುಳಿತೆನು. ಹೇಳಬೇಕಾದ್ದರಲ್ಲಿ ಅರ್ಧವನ್ನು ಹೇಳಿದೆನು. ಕೊನೆಗೆ ನಮ್ಮ ತಮ್ಮನು ಹಿರೇಕೆರೂರಿನ ಪೇಟೆಯಿಂದ ಕಾಗದದ ಲೋಟಗಳ ಕಟ್ಟುಗಳನ್ನು ತಂದನು. ಈಗ ನಮ್ಮ ಮನೆಗೆ ಯಾರು ಬಂದರೂ, ಬೀಗರಾಗಲಿ ಆಳುಗಳಾಗಲಿ, ಕಾಗದದ ಲೋಟದಲ್ಲಿಯೇ ಚಹಾ. ಇದು ಸುಧಾರಣೆಯೋ ಪಲಾಯನವೋ ಎಂದು ಹುಡುಗಿಯೂ ನಾನೂ ಇನ್ನೂ ಜಗಳಾಡುತ್ತಿದ್ದೇವೆ. ಆ ಹೆಣ್ಣುಮಗಳು ಮೊದಲ ದಿವಸ ಕಾಗದದ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ, “ಇದು ಬಿಸಿ ತಡಿಯಾಂಗಿಲ್ರೀ ಅವ್ವಾರ” ಎಂದಳು.

ದೀಪಾವಳಿಯ ತರುವಾಯ ಇನ್ನೊಬ್ಬರು ಕನ್ಯೆಯನ್ನು ನೋಡಲಿಕ್ಕೆ ಬರುವವರಿದ್ದಾರೆ; ಮೊದಲು ಭಾವಚಿತ್ರವನ್ನು ಕಳಿಸಲು ಬರೆದಿದ್ದಾರೆ. ಛಾಯಾಚಿತ್ರದವನು ಬಣ್ಣವನ್ನು ತಿಳಿಮಾಡಿ ಕೊಡುವೆನೆಂದನಂತೆ. ಹುಡುಗಿಯು ಬೇಡವೆಂದು, ಹೊಲದಲ್ಲಿ ಗೋವಿನಜೋಳದ ರಾಶಿಯ ಮುಂದೆ ಬಿಸಿಲಿನಲ್ಲಿ ನಿಂತು ತೆಗೆಸಿಕೊಂಡದ್ದನ್ನೇ ಲಕೋಟೆಯಲ್ಲಿ ಹಾಕಿ, ವರನ ಭಾವಚಿತ್ರವನ್ನೂ ಕಳಿಸಿಕೊಡಬೇಕೆಂದು ಕೆಳಗೆ ತಾನೇ ಒಂದು ಸಾಲು ಬರೆದಿದ್ದಾಳೆ.